ಫ್ಯಾಕ್ಟರಿಯ ಕೆಳಗಿನ ನೀರಿಗೆ ಲೆಕ್ಕ ಇಡುವವರು ಯಾರು? ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ನಮಸ್ಕಾರ.

ನಮ್ಮ ಹೊಲದಲ್ಲಿ ಒಂದು ಬಾವಿ ಇದೆ. 1972ರ ಬರದಲ್ಲಿ ಅಜ್ಜ ತೋಡಿಸಿದ್ದು. ಮೇಲೆ ಎರೆ, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು, ಆ ಕಲ್ಲಿನ ಬಿರುಕಿನಿಂದ ಸೆಲೆ. ಅಮ್ಮ ಮದುವೆಯಾಗಿ ಬಂದ ಕಾಲಕ್ಕೆ ಇಡೀ ಓಣಿ ಕುಡಿಯುತ್ತಿದ್ದದ್ದು ಇದೇ ನೀರು. ಎರಡು ಕುದಿಗೆ ತೊಗರಿಬೇಳೆ ಕರಗುತ್ತಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಈಗ ಆ ನೀರಿಗೆ ಬೇಳೆ ಬೇಯುವುದಿಲ್ಲ. ಸೋಪು ಉಜ್ಜಿದರೆ ನೊರೆ ಏಳುವುದಿಲ್ಲ. ಮೂರು ಬೇಸಿಗೆಯ ಹಿಂದೆ ಎಮ್ಮೆಯ ಮುಂದೆ ಬಕೆಟ್ ಇಟ್ಟೆ, ಅದು ಮೂಸಿ ನೋಡಿ ತಲೆ ತಿರುಗಿಸಿತು. ಅವತ್ತಿನಿಂದ ಆ ನೀರು ಮನೆಗೂ ಇಲ್ಲ, ಕೊಟ್ಟಿಗೆಗೂ ಇಲ್ಲ.

ಬಾವಿಯ ದಂಡೆಯಿಂದ ನೋಡಿದರೆ ಸಕ್ಕರೆ ಫ್ಯಾಕ್ಟರಿಯ ಚಿಮಣಿ ಕಾಣುತ್ತದೆ. ನಡೆದರೆ ಹತ್ತು ನಿಮಿಷ.

ಫ್ಯಾಕ್ಟರಿಯ ಹೆಸರು, ಊರಿನ ಹೆಸರು ನಾನು ಬರೆಯುವುದಿಲ್ಲ. ಕೃಷ್ಣಾ ತೀರದ್ದು ಅಂದರೆ ಸಾಕು. ಬಾವಿ ಕೆಡಿಸಿದ್ದು ಫ್ಯಾಕ್ಟರಿಯೇ ಅಂತಲೂ ನಾನು ಹೇಳುತ್ತಿಲ್ಲ. ಹೇಳಬೇಕು ಅಂದರೆ ಅಳತೆ ಬೇಕು. ಫ್ಯಾಕ್ಟರಿ ಬರುವ ಮೊದಲು ನೀರು ಹೇಗಿತ್ತು, ಆಮೇಲೆ ವರ್ಷ ವರ್ಷ ಹೇಗೆ ಬದಲಾಯಿತು, ಯಾವ ದಿಕ್ಕಿನಿಂದ ಬದಲಾಯಿತು. ಈ ಅಳತೆ ನನ್ನ ಹತ್ತಿರ ಇಲ್ಲ, ನಮ್ಮ ಪಂಚಾಯ್ತಿಯ ಹತ್ತಿರ ಇಲ್ಲ. ನನ್ನ ನೋವು ಇರುವುದು ಇಲ್ಲೇ. ಒಂದು ಬಾವಿ ಸತ್ತಿದೆ, ಯಾಕೆ ಸತ್ತಿತು ಅಂತ ಹೇಳುವ ಒಂದು ಕಾಗದವೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಕಬ್ಬು ಇದೆ. ನಮ್ಮ ಕಬ್ಬು ಹೋಗುವುದೂ ಅದೇ ಫ್ಯಾಕ್ಟರಿಗೆ, ನನ್ನ ಅಣ್ಣನ ಮಗ ಕೆಲಸಕ್ಕೆ ಹೋಗುವುದೂ ಅಲ್ಲಿಗೇ. ಫ್ಯಾಕ್ಟರಿ ಮುಚ್ಚಿ ಅಂತ ಕೇಳುವ ಪತ್ರ ಇದಲ್ಲ. ಅದು ಮುಚ್ಚಿದರೆ ನಮ್ಮ ಊರಿನ ಅರ್ಧ ಒಲೆ ಉರಿಯುವುದಿಲ್ಲ, ಅದು ನನಗೂ ಗೊತ್ತು. ನಾನು ಕೇಳುತ್ತಿರುವುದು ಒಂದೇ: ಫ್ಯಾಕ್ಟರಿಯ ಅಡಿಯಲ್ಲಿ, ಅದರ ಸುತ್ತ ಇರುವ ನೆಲದ ನೀರನ್ನು ಸರಿಯಾಗಿ, ಬಿಡದೆ ಅಳೆಯಿರಿ, ಅಳೆದದ್ದನ್ನು ನಮಗೂ ತೋರಿಸಿ.

ಒಂದು ದಿನದ ಸಂಗತಿ ಹೇಳುತ್ತೇನೆ. ಊರಿನವರ ಗಲಾಟೆ ಜಾಸ್ತಿಯಾದ ಮೇಲೆ ಒಂದು ಕಾರು ಬಂತು. ಇಬ್ಬರು ಇಳಿದರು. ಅವರು ಯಾವ ಕಡೆಯವರು ಅನ್ನುವುದು ಇಲ್ಲಿ ಮುಖ್ಯವಲ್ಲ. ಕೈಯಲ್ಲಿ ಎರಡು ಬಾಟಲಿ. ಪಂಚಾಯ್ತಿ ಮುಂದಿನ ನಲ್ಲಿ ತಿರುಗಿಸಿದರು, ಬಾಟಲಿ ತುಂಬಿದರು, ಹೋದರು. ಕೆಲವು ದಿನ ಬಿಟ್ಟು ನೀರು ಚೆನ್ನಾಗಿದೆ ಅಂತ ಮಾತು ಬಂತು. ಚೆನ್ನಾಗಿಯೇ ಇರುತ್ತದೆ, ಯಾಕಂದರೆ ಆ ನಲ್ಲಿಗೆ ಬರುವುದು ಹೊಳೆಯ ನೀರು. ದೂರದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ಕಳಿಸುವ ನೀರು. ನಮ್ಮ ನೆಲದ ಒಂದು ಹನಿಯೂ ಅದರಲ್ಲಿಲ್ಲ. ಆದರೂ ಊರ ಮುಂದೆ ನಿಂತವರೆಲ್ಲ ತಲೆ ಆಡಿಸಿದರು. ಬಾಟಲಿ ತುಂಬಿದ್ದನ್ನು ಕಣ್ಣಾರೆ ಕಂಡಿದ್ದರಲ್ಲ. ನಾನೂ ಅಲ್ಲೇ ನಿಂತಿದ್ದೆ. ಅವತ್ತು ಬಾಯಿ ಬಿಟ್ಟು ಹೇಳಲಿಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ, ಈ ಪತ್ರ ಬರೆಯೋಕೆ ಅದೂ ಒಂದು ಕಾರಣ.

ಫ್ಯಾಕ್ಟರಿಯ ಕೊಳವೆಯ ತುದಿಗೆ ಕಾವಲು ಇದೆ, ಅದನ್ನು ಒಪ್ಪುತ್ತೇನೆ. 2014ರಲ್ಲಿ ಕೇಂದ್ರ ಮಂಡಳಿ ಹೇಳಿದ ಮೇಲೆ ಸಕ್ಕರೆ, ಡಿಸ್ಟಿಲರಿ, ಕಾಗದ ಸೇರಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಹೊರಬಿಡುವ ನೀರಿಗೆ ಆನ್‌ಲೈನ್ ಮೀಟರ್ ಹಾಕಬೇಕಾಯಿತು. ಒಳ್ಳೆಯ ಕೆಲಸ. ಆದರೆ ಆ ಮೀಟರ್ ನೋಡುವುದು ಕೊಳವೆಯಿಂದ ಹೊರಗೆ ಬರುವ ನೀರನ್ನು. ಕೆಳಗೆ ಇಳಿಯುವ ನೀರನ್ನು ಅದು ನೋಡುವುದಿಲ್ಲ.

ಡಿಸ್ಟಿಲರಿ ವಿಷಯದಲ್ಲಿ ಈ ಮಾತು ಇನ್ನೂ ದೊಡ್ಡದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್‌ವಾಷ್ ಉಳಿಯುತ್ತದೆ. ಕಾಫಿ ಡಿಕಾಕ್ಷನ್ ಬಣ್ಣ, ಸುಟ್ಟ ಬೆಲ್ಲದ ವಾಸನೆ. ಅದರ ಬಿ.ಒ.ಡಿ., ಅಂದರೆ ಕೊಳೆ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 40,000 ಮಿಲಿಗ್ರಾಂ ದಾಟುವುದು ಮಾಮೂಲು. ಹೊಳೆಗೆ ಬಿಡುವ ನೀರಿಗೆ ಇರುವ ಮಿತಿ 30. ಹಾಗಾಗಿ ಡಿಸ್ಟಿಲರಿಗಳು ಒಂದು ಹನಿಯನ್ನೂ ಹೊರಗೆ ಬಿಡಬಾರದು, ಎಲ್ಲವನ್ನೂ ಒಳಗೇ ಮುಗಿಸಬೇಕು ಅನ್ನುವ ನಿಯಮ ಬಂತು. ಝೀರೋ ಡಿಸ್ಚಾರ್ಜ್ ಅನ್ನುತ್ತಾರೆ. ಹೊಳೆಯ ಮಟ್ಟಿಗೆ ಇದು ದೊಡ್ಡ ಉಪಕಾರ. ಮೀನು ಸತ್ತು ತೇಲಿದ್ದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಹೊರಗೆ ಹೋಗಲಿಲ್ಲ ಅಂದರೆ ಒಳಗೇ ಇದೆ ಅಂತ ಅರ್ಥ ಅಲ್ವಾ? ಲಗೂನಿನಲ್ಲಿ, ಅಂದರೆ ತೆರೆದ ಕೊಳದಲ್ಲಿ, ನಿಂತಿದೆ. ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಜೊತೆ ಕಲೆಸಿ ಕಾಂಪೋಸ್ಟ್ ಅಂಗಳದಲ್ಲಿ ಹರಡಿದೆ. ಕೆಲವು ಕಡೆ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುತ್ತಾರೆ, ಆಗ ಪೊಟ್ಯಾಷ್ ತುಂಬಿದ ಬೂದಿ ಉಳಿಯುತ್ತದೆ, ಅದೂ ಎಲ್ಲೋ ರಾಶಿ ಬಿದ್ದಿರುತ್ತದೆ. ಇವೆಲ್ಲ ಕೂತಿರುವುದು ನೆಲದ ಮೇಲೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆ, ಕಾಂಕ್ರೀಟ್ ಇದೆ ಅನ್ನುತ್ತಾರೆ. ಇರಬಹುದು. ಹಾಳೆಯ ಬೆಸುಗೆ ಬಿಟ್ಟರೆ, ಕಾಂಕ್ರೀಟ್ ಸೀಳಿದರೆ ಮೇಲಿನಿಂದ ಏನೂ ಕಾಣುವುದಿಲ್ಲ. ತಿಳಿಸುವುದು ಕೆಳಗಿನ ನೀರು ಮಾತ್ರ. ಮಳೆಗಾಲದಲ್ಲಿ ತೆರೆದ ಕಾಂಪೋಸ್ಟ್ ನಡೆಯುವುದಿಲ್ಲ ಅಂತಲೇ ಅಂಥ ಡಿಸ್ಟಿಲರಿಗಳಿಗೆ ವರ್ಷಕ್ಕೆ 270 ದಿನ ಓಡಿಸುವ ಲೆಕ್ಕ ಇಟ್ಟಿದ್ದಾರೆ. ಆ ಅಂಗಳ ತೊಯ್ದರೆ ಏನಾಗುತ್ತದೆ ಅನ್ನುವುದು ನಿಯಮ ಮಾಡಿದವರಿಗೂ ಗೊತ್ತಿದೆ ಅಂತಾಯಿತು.

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಗುರಿ ಶೇಕಡಾ 20ಕ್ಕೆ ಏರಿದ ಮೇಲೆ ನಮ್ಮ ಕಡೆ ಡಿಸ್ಟಿಲರಿಗಳು ದೊಡ್ಡದಾಗುತ್ತಿವೆ. ರೈತಳಾಗಿ ನನಗೆ ಇದು ಬೇಡ ಅನ್ನುವುದಿಲ್ಲ, ಕಬ್ಬಿನ ಬಿಲ್ಲು ಬೇಗ ಬರಲಿ ಅಂತ ನಾನೂ ಕಾಯುತ್ತೇನೆ. ಆದರೆ ಮೇಲೆ ಟ್ಯಾಂಕು ದೊಡ್ಡದಾದಷ್ಟು ಕೆಳಗಿನ ಕಾವಲೂ ದೊಡ್ಡದಾಗಬೇಕು ತಾನೇ?

ನಮ್ಮ ನೆಲದ ಗುಣ ಸ್ವಲ್ಪ ಹೇಳಬೇಕು. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಕೆಳಗೆ ಬಿಡುವುದಿಲ್ಲ ಅಂತ ಪುಸ್ತಕದಲ್ಲಿ ಇರುತ್ತದೆ. ಮಳೆಗಾಲಕ್ಕೆ ಆ ಮಾತು ಸರಿ. ಬೇಸಿಗೆಯಲ್ಲಿ ಬಂದು ನೋಡಿ. ಭೂಮಿ ಬಾಯಿ ಬಿಟ್ಟಿರುತ್ತದೆ. ಒಂದೊಂದು ಬಿರುಕಿನಲ್ಲಿ ನನ್ನ ಮುಂಗೈ ಇಳಿಯುತ್ತದೆ. ಆ ಹೊತ್ತಿನಲ್ಲಿ ನೆಲಕ್ಕೆ ಏನು ಸುರಿದರೂ ಅದು ಮಣ್ಣಿನಲ್ಲಿ ಸೋಸಿ ಇಳಿಯುವುದಿಲ್ಲ, ಬಿರುಕಿನಲ್ಲಿ ನೇರ ಗರಸಿಗೆ ಹೋಗುತ್ತದೆ. ಗರಸಿನ ಕೆಳಗೆ ಕರಿಕಲ್ಲು ಪದರ ಪದರವಾಗಿ ಇದೆ. ನೀರು ಓಡುವುದು ಪದರಗಳ ನಡುವೆ ಮತ್ತು ಕಲ್ಲಿನ ಸೀಳಿನಲ್ಲಿ. ಒಂದು ಸೀಳಿನಲ್ಲಿ ಬಂದ ಕೊಳೆ ಪಕ್ಕದ ಬಾವಿಯನ್ನು ಬಿಟ್ಟು ಅದರಾಚೆಯ ಬೋರಿನಲ್ಲಿ ಏಳಬಹುದು. ಫ್ಯಾಕ್ಟರಿಯ ಪಕ್ಕದ ಒಂದು ಬೋರು ಚೆನ್ನಾಗಿದೆ ಅಂದ ಮಾತ್ರಕ್ಕೆ ಎಲ್ಲ ಚೆನ್ನಾಗಿದೆ ಅನ್ನೋಕೆ ಆಗುವುದಿಲ್ಲ. ಅದರ ಮೇಲೆ ನಾವು ಸಾವಿರಾರು ಬೋರು ಕೊರೆದಿದ್ದೇವೆ. ಪ್ರತಿ ಬೋರೂ ಮೇಲಿನ ಪದರವನ್ನು ಕೆಳಗಿನ ಪದರಕ್ಕೆ ಸೇರಿಸುವ ಒಂದು ತೂತು. ಬೇಸಿಗೆಯಲ್ಲಿ ಎಲ್ಲ ಮೋಟಾರು ಒಟ್ಟಿಗೆ ಓಡಿದಾಗ ನೆಲದಡಿಯ ನೀರಿನ ದಿಕ್ಕೇ ತಿರುಗಬಹುದು, ಎಲ್ಲಿ ಹೆಚ್ಚು ಎಳೆಯುತ್ತಾರೋ ಆ ಕಡೆ.

ಹಾಗಾದರೆ ಹೇಗೆ ಅಳೆಯಬೇಕು? ಇದರಲ್ಲಿ ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿಯವರು ದೇಶದ ತುಂಬ ಬಾವಿ ಇಟ್ಟುಕೊಂಡು ವರ್ಷಕ್ಕೆ ನಾಲ್ಕು ಸಲ ಮಟ್ಟ ನೋಡುತ್ತಾರೆ, ಮಳೆಗಾಲಕ್ಕೆ ಮುಂಚೆ ಗುಣ ನೋಡುತ್ತಾರೆ. ಅವರ ಬಾವಿಗಳು ಇಡೀ ಸೀಮೆಯ ಚಿತ್ರ ಕೊಡೋಕೆ ಇರುವಂಥವು. ಒಂದು ಫ್ಯಾಕ್ಟರಿಯ ಲಗೂನಿನ ಅಂಚಿನಲ್ಲಿ ಏನಾಗುತ್ತಿದೆ ಅಂತ ಅವು ಹೇಳಲಾರವು. ಅದಕ್ಕೆ ಬೇರೆಯೇ ನೋಟದ ಬಾವಿಗಳು ಬೇಕು. ನೀರು ಎತ್ತೋಕೆ ಅಲ್ಲ, ನೋಡೋಕೆ ಮಾತ್ರ. ನೀರು ಬರುವ ಕಡೆ, ಅಂದರೆ ಫ್ಯಾಕ್ಟರಿಗಿಂತ ಮೇಲೆ, ಕಡಿಮೆ ಅಂದರೂ ಒಂದು. ನೀರು ಹೋಗುವ ಕಡೆ ಮೂರು ನಾಲ್ಕು. ಲಗೂನು, ಕಾಂಪೋಸ್ಟ್ ಅಂಗಳ, ಬೂದಿ ರಾಶಿ, ಇವುಗಳ ಪಕ್ಕದಲ್ಲೇ ಇರಬೇಕು, ಕಂಪೌಂಡಿನ ಮೂಲೆಯ ತೋಟದಲ್ಲಿ ಅಲ್ಲ. ಪ್ರತಿ ಜಾಗದಲ್ಲೂ ಎರಡು ಆಳ: ಗರಸಿನಲ್ಲಿ ಒಂದು, ಕಲ್ಲಿನ ಸೀಳಿನಲ್ಲಿ ಒಂದು. ಎರಡರ ನೀರು ಬೆರೆಯದ ಹಾಗೆ ಕೊಳವೆಯ ಸುತ್ತ ಬೆಂಟೊನೈಟ್ ಮಣ್ಣು ತುಂಬಬೇಕು. ನೀರು ಯಾವ ದಿಕ್ಕಿಗೆ ಹೋಗುತ್ತಿದೆ ಅಂತ ಗೊತ್ತಾಗಬೇಕಾದರೆ ಕಡಿಮೆ ಅಂದರೂ ಮೂರು ಬಾವಿಯ ಮಟ್ಟ ಒಂದೇ ದಿನ ಅಳೆಯಬೇಕು. ಇದನ್ನು ಒಂಬತ್ತನೇ ಕ್ಲಾಸಿನ ಮಕ್ಕಳೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ ತೋರಿಸುತ್ತಾರೆ, ನಾನು ಮಾಡಿಸಿದ್ದೇನೆ.

ಸ್ಯಾಂಪಲ್ ತೆಗೆಯುವುದಕ್ಕೂ ಕ್ರಮ ಇದೆ. ತಿಂಗಳುಗಟ್ಟಲೆ ಕೊಳವೆಯಲ್ಲಿ ನಿಂತ ನೀರು ನೆಲದ ನೀರಿನ ನಿಜ ಹೇಳುವುದಿಲ್ಲ. ಕೊಳವೆಯಲ್ಲಿ ಇರುವಷ್ಟರ ಮೂರು ಪಟ್ಟು ಮೊದಲು ಹೊರಗೆ ಚೆಲ್ಲಬೇಕು, ಪಿ.ಎಚ್., ಬಿಸಿ, ವಿದ್ಯುತ್ ವಾಹಕತೆ ಒಂದು ಕಡೆ ನಿಲ್ಲುವ ತನಕ ಕಾಯಬೇಕು, ಆಮೇಲೆ ಬಾಟಲಿ. ಕಬ್ಬಿಣ, ಮ್ಯಾಂಗನೀಸ್ ನೋಡುವ ಬಾಟಲಿಗೆ ಸೋಸಿ ಆ್ಯಸಿಡ್ ಹಾಕಬೇಕು, ಇಲ್ಲದಿದ್ದರೆ ಅವು ದಾರಿಯಲ್ಲೇ ಗಸಿಯಾಗಿ ತಳ ಸೇರುತ್ತವೆ, ಲ್ಯಾಬಿನಲ್ಲಿ ಕಡಿಮೆ ತೋರಿಸುತ್ತವೆ. ನೈಟ್ರೇಟಿನ ಬಾಟಲಿ ಐಸಿನ ಪೆಟ್ಟಿಗೆಯಲ್ಲಿ ಹೋಗಬೇಕು. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ನಾಲ್ಕು ಊರು ಸುತ್ತಿ ಹೋದ ಬಾಟಲಿಯನ್ನು ನಂಬೋಕೆ ಆಗುವುದಿಲ್ಲ. ಜೊತೆಗೆ ಬರೀ ಶುದ್ಧ ನೀರು ತುಂಬಿದ ಒಂದು ಬಾಟಲಿ, ಒಂದೇ ಬಾವಿಯ ನೀರಿನ ಒಂದು ಜೋಡಿ ಬಾಟಲಿ ಕಳಿಸಿದರೆ ಲ್ಯಾಬಿನ ಕೈಯೂ ಗೊತ್ತಾಗುತ್ತದೆ. ಇಷ್ಟೆಲ್ಲ ನಿಮ್ಮ ಅಧಿಕಾರಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಜನರಿಗೂ ಗೊತ್ತಿರಲಿ, ಮುಂದಿನ ಸಲ ಯಾರಾದರೂ ನಲ್ಲಿ ತಿರುಗಿಸಿದರೆ ಪಕ್ಕದಲ್ಲಿ ನಿಂತವರು ಕೇಳಲಿ ಅಂತ ಇಲ್ಲಿ ಬರೆದೆ.

ಈಗ ಏನನ್ನು ನೋಡಬೇಕು ಅನ್ನುವ ಮಾತು. ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ಭಾಗ ಇದು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮಗೆ ಬರುವ ಉತ್ತರ ಯಾವಾಗಲೂ ಒಂದೇ: ಮಿತಿಯೊಳಗೆ ಇದೆ. ಕುಡಿಯುವ ನೀರಿನ ಮಾನದಂಡ, ಐ.ಎಸ್. 10500, ಅದರಲ್ಲಿ ಒಟ್ಟು ಕರಗಿದ ಲವಣ 500 ಇರಬೇಕು, ಬೇರೆ ನೀರು ಇಲ್ಲದಿದ್ದರೆ 2000 ತನಕ ಆಗಬಹುದು. ಕ್ಲೋರೈಡ್ 250, ಇಲ್ಲದಿದ್ದರೆ 1000. ನೈಟ್ರೇಟ್ 45, ಅದಕ್ಕೆ ವಿನಾಯಿತಿ ಇಲ್ಲ. ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಈ ಪಟ್ಟಿ ಇರುವುದು ಒಂದು ನೀರು ಇವತ್ತು ಕುಡಿಯೋಕೆ ಆಗುತ್ತದೋ ಇಲ್ಲವೋ ಅಂತ ಹೇಳೋಕೆ. ಫ್ಯಾಕ್ಟರಿಯ ಕೆಳಗೆ ಸೋರುತ್ತಿದೆಯೋ ಇಲ್ಲವೋ ಅಂತ ಹೇಳೋಕೆ ಅದು ಹುಟ್ಟಿದ್ದಲ್ಲ. ಉದಾಹರಣೆಗೆ ಒಂದು ಬಾವಿಯಲ್ಲಿ ಕ್ಲೋರೈಡ್ ಈ ವರ್ಷ 60, ಬರುವ ವರ್ಷ 95, ಅದರಾಚೆ 150, ಆಮೇಲೆ 220 ಅಂತ ಇಟ್ಟುಕೊಳ್ಳಿ. ನಾಲ್ಕೂ ವರ್ಷ ಕಾಗದದ ಮೇಲೆ ಮಿತಿಯೊಳಗೆ ಅಂತಲೇ ಬರುತ್ತದೆ. ಆದರೆ ಏನೋ ಒಂದು ಆ ಬಾವಿಯ ಕಡೆ ನಡೆದು ಬರುತ್ತಿದೆ, ಇದು ಯಾರಿಗಾದರೂ ಕಾಣುತ್ತದೆ. ನಾಲ್ಕು ಅಂಕಿಯನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿದರೆ ಮಾತ್ರ ಕಾಣುತ್ತದೆ. ಬಿಡಿ ಬಿಡಿ ರಿಪೋರ್ಟಿನಲ್ಲಿ ಎಂದಿಗೂ ಕಾಣುವುದಿಲ್ಲ.

ಇನ್ನೊಂದು. ಸ್ಪೆಂಟ್‌ವಾಷ್‌ನಲ್ಲಿ ಪೊಟ್ಯಾಷಿಯಂ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ನಮ್ಮ ಕಡೆಯ ಮಾಮೂಲು ಬಾವಿ ನೀರಿನಲ್ಲಿ ಅದು ಕೆಲವೇ ಮಿಲಿಗ್ರಾಂ. ಕಬ್ಬಿನ ರಸದ ಗುರುತು ಅದು, ಬೆರಳಚ್ಚು ಇದ್ದ ಹಾಗೆ. ಆದರೆ ಕುಡಿಯುವ ನೀರಿನ ಪಟ್ಟಿಯಲ್ಲಿ ಪೊಟ್ಯಾಷಿಯಂಗೆ ಮಿತಿಯೇ ಇಲ್ಲ. ಮಿತಿ ಇಲ್ಲದ್ದನ್ನು ಸುಮ್ನೆ ಯಾಕೆ ನೋಡಬೇಕು ಅಂತ ಎಷ್ಟೋ ರಿಪೋರ್ಟಿನಲ್ಲಿ ಅದು ಇರುವುದೇ ಇಲ್ಲ. ಅದರಲ್ಲೂ ಒಂದು ಸೂಕ್ಷ್ಮ ಇದೆ: ಎರೆ ಮಣ್ಣಿನ ಜೇಡಿ ಪೊಟ್ಯಾಷಿಯಂ ಹಿಡಿದುಕೊಳ್ಳುತ್ತದೆ, ಹಾಗಾಗಿ ಅದು ತಡವಾಗಿ ಬರುತ್ತದೆ. ಕ್ಲೋರೈಡ್ ಯಾವುದಕ್ಕೂ ಅಂಟುವುದಿಲ್ಲ, ನೀರಿನಷ್ಟೇ ವೇಗದಲ್ಲಿ ಓಡುತ್ತದೆ, ಮೊದಲು ಬರುತ್ತದೆ. ಎರಡನ್ನೂ ನೋಡಬೇಕು. ಜೊತೆಗೆ ಕಬ್ಬಿಣ ಮತ್ತು ಮ್ಯಾಂಗನೀಸ್. ಸಕ್ಕರೆಯ ಅಂಶ ನೆಲಕ್ಕೆ ಇಳಿದರೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ಆಮ್ಲಜನಕ ಖಾಲಿ ಮಾಡುತ್ತವೆ, ಆಗ ಕಲ್ಲಿನಲ್ಲಿ ಗಟ್ಟಿಯಾಗಿ ಕೂತಿದ್ದ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರುತ್ತವೆ. ಸಲ್ಫೇಟ್ ಗಂಧಕದ ಅನಿಲವಾಗಿ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ನಮ್ಮ ಎಮ್ಮೆ ಅವತ್ತು ಮೂಸಿದ್ದು ಇದನ್ನೇ ಇರಬಹುದು. ಫ್ಯಾಕ್ಟರಿಯ ಹನಿ ಬಾವಿಗೆ ಬಂದೇ ಇರಬೇಕು ಅಂತಿಲ್ಲ, ಅದು ತಿರುಗಿಸಿದ ನೀರು ಬಂದರೂ ಬಾವಿ ಕೆಡುತ್ತದೆ.

ಫ್ಯಾಕ್ಟರಿಯವರ ಕಡೆಯ ಮಾತನ್ನೂ ಹೇಳಬೇಕು. ಲವಣ ಜಾಸ್ತಿಯಾಗಿದ್ದು ನಿಮ್ಮ ಯೂರಿಯಾ, ನಿಮ್ಮ ಪೊಟ್ಯಾಷ್ ಗೊಬ್ಬರ, ನಿಮ್ಮ ಕಾಲುವೆ ನೀರಿನಿಂದ ಅನ್ನುತ್ತಾರೆ. ಇದರಲ್ಲಿ ನಿಜ ಇದೆ. ನಾವು ಕಬ್ಬಿಗೆ ನೀರು ಕಟ್ಟಿ ಕಟ್ಟಿ ಎಷ್ಟು ಹೊಲ ಸವಳು ಮಾಡಿಕೊಂಡಿದ್ದೇವೆ ಅಂತ ನಮ್ಮ ಹೊಲಗಳೇ ಹೇಳುತ್ತವೆ, ಬೆಳ್ಳಗೆ ಉಪ್ಪು ಎದ್ದು ನಿಂತಿರುತ್ತದೆ. ನೈಟ್ರೇಟ್ ನಮ್ಮದೇ ಇರಬಹುದು. ಅದಕ್ಕೇ ಫ್ಯಾಕ್ಟರಿಗಿಂತ ಮೇಲಿನ ಕಡೆ ಬಾವಿ ಬೇಕು ಅನ್ನುವುದು. ಅಲ್ಲಿಯೂ ಅಷ್ಟೇ ಲವಣ ಇದ್ದರೆ ತಪ್ಪು ನಮ್ಮದು, ಒಪ್ಪಿಕೊಂಡು ಗೊಬ್ಬರ ಕಡಿಮೆ ಮಾಡುತ್ತೇವೆ. ಮೇಲಿನ ಬಾವಿ ಚೆನ್ನಾಗಿದ್ದು ಕೆಳಗಿನದು ಮಾತ್ರ ಕೆಟ್ಟರೆ ಪ್ರಶ್ನೆ ಬೇರೆ. ಸರಿಯಾದ ಅಳತೆ ಫ್ಯಾಕ್ಟರಿಗೂ ಒಳ್ಳೆಯದು. ತಪ್ಪು ಮಾಡದವರು ತಪ್ಪು ಮಾಡಿಲ್ಲ ಅಂತ ತೋರಿಸೋಕೆ ಅದೊಂದೇ ದಾರಿ.

ನನ್ನ ಹತ್ತಿರ ಒಂದು ಟಿ.ಡಿ.ಎಸ್. ಪೆನ್ನು ಇದೆ. ಪ್ರತಿ ಅಮಾವಾಸ್ಯೆಗೆ ಊರಿನ ಕೆಲವು ಬಾವಿ, ಬೋರುಗಳಲ್ಲಿ ಅದ್ದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಆ ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ. ಆ ಪೆನ್ನು ನೀರಿನಲ್ಲಿ ಲವಣ ಎಷ್ಟಿದೆ ಅಂತ ಅಂದಾಜು ಹೇಳುತ್ತದೆಯೇ ಹೊರತು ಯಾವ ಲವಣ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಅದರ ಮೇಲೆ ಯಾರನ್ನೂ ದೂರೋಕೆ ನನಗೆ ಮನಸ್ಸಿಲ್ಲ. ನಿಮ್ಮವರು ಯಾರಾದರೂ ಬಂದರೆ ಆ ನೋಟ್‌ಬುಕ್ ಕೈಗೆ ಕೊಡುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿಕೊಂಡೆ. 1974ರ ಜಲ ಕಾಯ್ದೆಯಲ್ಲಿ ಹೊಳೆ ಅನ್ನುವ ಮಾತಿನ ಅರ್ಥದಲ್ಲೇ ನೆಲದಡಿಯ ನೀರೂ ಸೇರಿದೆ. ಹೊಳೆಗೆ ಮಾತ್ರವಲ್ಲ, ಬಾವಿಗೂ ವಿಷ ಸೇರಿಸಬಾರದು ಅಂತ 24ನೇ ಕಲಂ ಹೇಳುತ್ತದೆ. ನೀರಿನ ಮಾಲಿನ್ಯದ ಮಾಹಿತಿ ಕೂಡಿಸಿ ಹಂಚುವುದು ಮಂಡಳಿಯ ಕೆಲಸ ಅಂತ 17ನೇ ಕಲಂ. ಫ್ಯಾಕ್ಟರಿಗೆ ಮಂಡಳಿ ಕೊಡುವ ಅನುಮತಿಯ, ಅಂದರೆ ಕನ್ಸೆಂಟಿನ, ಷರತ್ತುಗಳ ರಿಜಿಸ್ಟರ್ ಅನ್ನು ಬಾಧೆ ಪಡುವವರು ಬಂದು ನೋಡಬಹುದು ಅಂತ 25ನೇ ಕಲಂ. ಫ್ಯಾಕ್ಟರಿಯ ನೀರಿನ ಸ್ಯಾಂಪಲ್ ತೆಗೆದಾಗ ಅವರು ಕೇಳಿದರೆ ಎರಡು ಭಾಗ ಮಾಡಿ ಸೀಲು ಹಾಕುವ ಕ್ರಮ 21ನೇ ಕಲಮಿನಲ್ಲಿದೆ. ಅದೇ ಮರ್ಯಾದೆ ನಮ್ಮ ಬಾವಿಯ ನೀರಿಗೂ ಸಿಗಲಿ. ಒಂದು ಬಾಟಲಿ ಲ್ಯಾಬಿಗೆ, ಇನ್ನೊಂದು ಸೀಲು ಹಾಕಿ ಪಂಚಾಯ್ತಿಗೆ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ರಾಜಸ್ಥಾನದ ಉದಯಪುರದ ಹತ್ತಿರ ಬಿಛ್ಡಿ ಅಂತ ಊರು. ಅಲ್ಲಿನ ರಾಸಾಯನಿಕ ಕಾರ್ಖಾನೆಗಳ ಎಚ್-ಆ್ಯಸಿಡ್ (ಬಣ್ಣ ತಯಾರಿಸೋಕೆ ಬಳಸುವ ರಾಸಾಯನಿಕ) ಕೊಳೆ ನೆಲಕ್ಕೆ ಇಳಿದು ಬಾವಿಗಳ ನೀರು ಬಣ್ಣ ತಿರುಗಿತು, ಕುಡಿಯೋಕೆ ಬರದೆ ಹೋಯಿತು. ಕೆಡಿಸಿದವರೇ ದುಡ್ಡು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ದೇಶವೇ ಆ ತೀರ್ಪನ್ನು ಹೊಗಳಿತು. ಆದರೆ ದುಡ್ಡು ಬರಲಿಲ್ಲ, 2011ರಲ್ಲಿ ಅದೇ ಕೋರ್ಟ್ ಬಡ್ಡಿ ಸೇರಿಸಿ ಕಟ್ಟಿ ಅಂತ ಮತ್ತೊಮ್ಮೆ ಹೇಳಬೇಕಾಯಿತು. ತೀರ್ಪು ಬಂದು 15 ವರ್ಷ. ಅಷ್ಟು ವರ್ಷ ಆ ಊರಿನ ಹೆಂಗಸರು ನೀರು ಎಲ್ಲಿಂದ ತಂದಿರಬಹುದು ಅಂತ ನಾನು ಯೋಚಿಸುತ್ತೇನೆ.

ಶ್ರೀಮಂತ ದೇಶದ ಕತೆಯೂ ಬೇರೆ ಇಲ್ಲ. ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಲ್ಲಿ ಕೊಲರಾಡೊ ನದಿಯ ದಂಡೆಯ ಮೇಲೆ 1956ರಲ್ಲಿ ಒಂದು ಯುರೇನಿಯಂ ಮಿಲ್ ಶುರುವಾಯಿತು. 1984ರಲ್ಲಿ ನಿಂತಿತು. ಕೆಳಗೆ ಹಾಳೆಯಿಲ್ಲದ ಕೊಳದಲ್ಲಿ 1.6 ಕೋಟಿ ಟನ್ ತ್ಯಾಜ್ಯ ಉಳಿಯಿತು. ಅದರಿಂದ ಅಮೋನಿಯಾ, ಯುರೇನಿಯಂ ನೆಲದ ನೀರಿಗೆ ಇಳಿದು ನದಿಯ ಕಡೆ ನಡೆಯಿತು. 1998ರಲ್ಲಿ ಕಂಪನಿ ದಿವಾಳಿ. 2001ರಲ್ಲಿ ಸರ್ಕಾರ ಆ ಜಾಗವನ್ನು ತಲೆ ಮೇಲೆ ಹೊತ್ತುಕೊಂಡಿತು. ನದಿ ಮತ್ತು ತ್ಯಾಜ್ಯದ ನಡುವೆ ಬಾವಿ ಕೊರೆದು ಕೊಳೆ ನೀರು ಎತ್ತಿದರು, 2009ರಿಂದ ಆ ರಾಶಿಯನ್ನು ರೈಲಿನಲ್ಲಿ ತುಂಬಿ ಸುಮಾರು 50 ಕಿಲೋಮೀಟರ್ ದೂರ ಸಾಗಿಸೋಕೆ ಶುರು ಮಾಡಿದರು. ಮಿಲ್ ಓಡಿದ್ದು 28 ವರ್ಷ. ಸಾಗಿಸೋಕೆ ಕೈ ಹಾಕುವ ಹೊತ್ತಿಗೆ ಅದು ನಿಂತು 25 ವರ್ಷ ಆಗಿತ್ತು. ಸಕ್ಕರೆ ಫ್ಯಾಕ್ಟರಿಗೂ ಯುರೇನಿಯಂಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ನೆಲದ ನೀರು ಎರಡೂ ಕಡೆ ಒಂದೇ ರೀತಿ ನಡೆಯುತ್ತದೆ, ನಿಧಾನವಾಗಿ, ಯಾರಿಗೂ ಕಾಣದ ಹಾಗೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ನಿಕ್ಷೇಪ ಇದೆ. ಅಲ್ಲಿ ನಾಳೆ ಏನೇ ನಿರ್ಧಾರ ಆಗಲಿ, ಮೊದಲ ಗುದ್ದಲಿ ಬೀಳುವ ಮುಂಚೆ ಸುತ್ತಲಿನ ಬಾವಿಗಳ ಲೆಕ್ಕ ತೆಗೆದಿಡಬೇಕು ಅಂತ ಈ ಪತ್ರದಲ್ಲೇ ಕೇಳಿಕೊಳ್ಳುತ್ತೇನೆ.

ನಮ್ಮ ಊರಿನಲ್ಲಿ ಈ ವಿಷಯ ಜೋರಾಗಿ ಮಾತಾಡುವವರು ಕಡಿಮೆ. ಅದಕ್ಕೆ ಕಾರಣ ಇದೆ. ಕಬ್ಬು ಕಟಾವಿಗೆ ಸರದಿ ಬೇಕು. ಸರದಿ ಹದಿನೈದು ದಿನ ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಮಾತಾಡಿದವನ ಹೊಲಕ್ಕೆ ಕಟಾವಿನ ಟೋಳಿ ಕೊನೆಗೆ ಬರುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ನಿಜಕ್ಕೂ ಹಾಗೆ ಆಗುತ್ತದೋ ಇಲ್ಲವೋ, ಭಯ ಮಾತ್ರ ನಿಜ. ಅದಕ್ಕೇ ದೂರು ಬರಲಿ, ಆಮೇಲೆ ನೋಡೋಣ ಅನ್ನುವ ಪದ್ಧತಿ ನೆಲದ ನೀರಿಗೆ ಸಾಲದು. ಯಾರೂ ದೂರದಿದ್ದರೂ ಬಾವಿ ನೋಡುವ ಕೆಲಸ ನಡೆಯುತ್ತಲೇ ಇರಬೇಕು.

ಅಷ್ಟರಲ್ಲಿ ನಾವು ಹೇಗೋ ನಡೆಸುತ್ತಿದ್ದೇವೆ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕೊಡ ತುಂಬುತ್ತೇವೆ. ಕರೆಂಟು ಇಲ್ಲದ ದಿನ, ಯಂತ್ರ ಕೆಟ್ಟ ದಿನ ಮತ್ತೆ ಬೋರಿನ ನೀರು. ಘಟಕ ಸೋಸಿ ಬಿಟ್ಟ ಉಪ್ಪು ನೀರು ಪಕ್ಕದ ಗಟಾರಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ನೆಲಕ್ಕೆ. ಕೈಗೂಸು ಇರುವ ಮನೆಯವರ ಚಿಂತೆ ಇನ್ನೂ ಬೇರೆ. ನೈಟ್ರೇಟ್ ಜಾಸ್ತಿ ಇದ್ದರೆ ಕೂಸಿನ ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗುತ್ತದೆ, ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆರಿದಷ್ಟೂ ಗಟ್ಟಿಯಾಗುತ್ತದೆ. ನಮ್ಮ ತಾಯಂದಿರು ಕುದಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ನಂಬಿದ್ದಾರೆ.

ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸೋಕೆ ಕಲಿಸುವ ಯೋಜನೆ ಇದೆ. ಒಳ್ಳೆಯ ಯೋಜನೆ. ಹಾಗೆ ಕಲಿತ ಹೆಂಗಸರನ್ನೇ ನಿಮ್ಮ ಸ್ಯಾಂಪಲ್ ದಿನ ಜೊತೆಗೆ ಕರೆದುಕೊಳ್ಳಿ. ಬಾವಿಯ ಬಾಯಿಯಲ್ಲಿ ಅವರೇ ಕ್ಲೋರೈಡ್, ನೈಟ್ರೇಟ್ ನೋಡಲಿ, ಲ್ಯಾಬಿನ ಅಂಕಿ ಬಂದಾಗ ಎರಡನ್ನೂ ಪಕ್ಕ ಪಕ್ಕ ಇಡಿ. ತಾನೇ ಅಳೆದ ನೀರಿನ ಮೇಲೆ ಊರಿಗೆ ಒಂದು ನಂಬಿಕೆ ಬರುತ್ತದೆ. ಆ ಅಂಕಿಗಳು ಕನ್ನಡದಲ್ಲಿ ಪಂಚಾಯ್ತಿಯ ಗೋಡೆಯ ಮೇಲೆ ಇರಲಿ, ನಿಮ್ಮ ವೆಬ್‌ಸೈಟಿನಲ್ಲಿ ಇರಲಿ. ಮಿತಿಯೊಳಗೆ ಅಂತ ಒಂದು ಮಾತು ಬೇಡ, ಅಂಕಿಯೇ ಬೇಕು, ಹಿಂದಿನ ವರ್ಷಗಳ ಅಂಕಿಯೂ ಪಕ್ಕದಲ್ಲಿ ಬೇಕು. ಎಷ್ಟು ಏರಿದರೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲೇ ಬರೆದಿಡಿ, ಏರಿದ ಮೇಲೆ ಸಭೆ ಕೂಡುವುದಲ್ಲ. ಪ್ರತಿ ಡಿಸ್ಟಿಲರಿಯ ಕನ್ಸೆಂಟ್ ಹೊಸದು ಮಾಡುವಾಗ ನೋಟದ ಬಾವಿಗಳ ಪೂರ್ತಿ ಲೆಕ್ಕ ಇಲ್ಲದೆ ಸಹಿ ಹಾಕಬೇಡಿ. ಫ್ಯಾಕ್ಟರಿ ನಿಂತು ಹೋದರೂ ಬಾವಿ ನೋಡುವುದು ನಡೆಯಬೇಕು, ಅದಕ್ಕೆ ಬೇಕಾದ ದುಡ್ಡನ್ನು ಅದು ಓಡುತ್ತಿರುವಾಗಲೇ ಠೇವಣಿ ಇಡಿಸಿಕೊಳ್ಳಿ.

ಹಂಗಾಮು ಅಕ್ಟೋಬರ್ ಕೊನೆಗೋ ನವೆಂಬರಿಗೋ ಶುರುವಾಗುತ್ತದೆ. ಮೊದಲ ಕಬ್ಬಿನ ಗಾಡಿ ಒಳಗೆ ಹೋಗುವ ಮುಂಚೆ ಮೊದಲ ಬಾಟಲಿ ತುಂಬಲಿ. ಹಂಗಾಮು ಮುಗಿದ ಮೇಲೆ, ಏಪ್ರಿಲ್–ಮೇನಲ್ಲಿ, ನೆಲ ಬಾಯಿ ಬಿಟ್ಟಾಗ ಎರಡನೆಯದು. ನಮ್ಮ ಬಾವಿಯಿಂದಲೇ ಶುರು ಮಾಡಬಹುದು. ಮೆಟ್ಟಿಲು ಗಟ್ಟಿ ಇವೆ. ಹಗ್ಗ, ಕೊಡ ಕಟ್ಟೆಯ ಮೇಲೇ ಇಟ್ಟಿರುತ್ತೇನೆ. ಅಮ್ಮನೂ ಅಲ್ಲೇ ಇರುತ್ತಾರೆ, ಈ ನೀರು ಮೊದಲು ಹೇಗಿತ್ತು ಅಂತ ಕೇಳಬೇಕಾದರೆ ಅವರನ್ನೇ ಕೇಳಿ.

ಇಂತಿ ನಿಮ್ಮ,
ಕೃಷ್ಣಾ ತೀರದ ಒಬ್ಬ ಶಾಲಾ ಶಿಕ್ಷಕಿ, ಕಬ್ಬು ಬೆಳೆಗಾರರ ಮಗಳು